ಎರಡು ಬೋರ್ಡು, ಒಂದು ಮೈನಸ್ಸು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಬೆಂಗಳೂರಲ್ಲಿ ಅದೇನು ಕೆಲಸ ಮಾಡ್ತೀಯೋ ಹುಡುಗರಿಗೆ ಅರ್ಥ ಆಗೋ ಹಾಗೆ ಹೇಳಪ್ಪ" ಎಂದರು. ಬಿ.ಇ. ಮುಗಿಸಿ ಹದಿನಾಲ್ಕು ವರ್ಷವಾಯಿತು, ನಮ್ಮಮ್ಮನಿಗೇ ಇನ್ನೂ ಅರ್ಥ ಮಾಡಿಸಲು ಆಗಿಲ್ಲ. ಯಾರಾದರೂ ಕೇಳಿದರೆ "ಕಂಪ್ಯೂಟರ್ ರಿಪೇರಿ" ಎಂದುಬಿಡುತ್ತಾಳೆ. ಯೋಚಿಸಿ ನೋಡಿದರೆ ಅದು ಪೂರ್ತಿ ತಪ್ಪೂ ಅಲ್ಲ.

ನಾನು ಒಂಬತ್ತನೇ ತರಗತಿಯಲ್ಲಿದ್ದದ್ದು 2003-04ರಲ್ಲಿ. ಎ ಮತ್ತು ಬಿ ಎರಡು ವಿಭಾಗ, ಗಣಿತಕ್ಕೆ ಒಬ್ಬರೇ ಮೇಷ್ಟ್ರು. ಎರಡು ಕೋಣೆಗಳ ನಡುವೆ ಒಂದು ಬಾಗಿಲಿತ್ತಲ್ಲ, ಈಗ ಅದನ್ನು ಮುಚ್ಚಿ ಗೋಡೆ ಕಟ್ಟಿದ್ದಾರೆ, ಅದನ್ನು ತೆರೆದಿಟ್ಟು ಸರ್ ಎ ವಿಭಾಗದಲ್ಲಿ ನಿಂತು ಪಾಠ ಮಾಡುತ್ತಿದ್ದರು. ದನಿ ಎರಡೂ ಕಡೆ ಕೇಳಿಸುತ್ತಿತ್ತು, ಬೋರ್ಡು ಒಂದೇ ಕಡೆ ಕಾಣಿಸುತ್ತಿತ್ತು. ನನ್ನ ಅಕ್ಷರ ಪರವಾಗಿಲ್ಲ ಎಂದು ಬಾಗಿಲಲ್ಲಿ ನಿಲ್ಲಿಸಿ, ಸರ್ ಬರೆದದ್ದನ್ನು ಬಿ ವಿಭಾಗದ ಬೋರ್ಡಿಗೆ ಇಳಿಸುವ ಕೆಲಸ ಕೊಟ್ಟಿದ್ದರು. ಒಂದು ಸಾಲು ನೋಡುವುದು, ಓಡಿ ಬರೆಯುವುದು, ಮತ್ತೆ ಬಾಗಿಲಿಗೆ ಬರುವುದು.

ಒಂದು ದಿನ ಅಪವರ್ತಿಸುವ ಲೆಕ್ಕ. ಎಕ್ಸ್ ಸ್ಕ್ವೇರ್ ಮೈನಸ್ ಐದು ಎಕ್ಸ್ ಪ್ಲಸ್ ಆರು. ಹಾಗೆಂದು ನಾನು ಬರೆದೆ. ಬಿ ವಿಭಾಗದವರೆಲ್ಲ ಎಕ್ಸ್ ಮೈನಸ್ ಎರಡು, ಎಕ್ಸ್ ಮೈನಸ್ ಮೂರು ಎಂದು ಉತ್ತರ ತೆಗೆದರು. ಎ ವಿಭಾಗದವರದು ಎಕ್ಸ್ ಮೈನಸ್ ಆರು, ಎಕ್ಸ್ ಪ್ಲಸ್ ಒಂದು. ಸರ್ ಬಂದು ನೋಡಿದರು. ಅವರ ಬೋರ್ಡಿನಲ್ಲಿ ಕೊನೆಗೆ ಇದ್ದದ್ದು ಮೈನಸ್ ಆರು. "ನೋಡಿ ಬರಿ ಅಂದ್ರೆ ನೋಡದೆ ಬರೀತೀಯಾ?" ಎಂದು ಎರಡೂ ಕ್ಲಾಸಿನ ಮುಂದೆ ಕೇಳಿದರು. ನಾನು ನೋಡೇ ಬರೆದಿದ್ದೆ. ನಾನು ನೋಡಿದಾಗ ಅಲ್ಲಿ ಪ್ಲಸ್ ಇತ್ತು. ಆ ಮಾತನ್ನು ಹೇಳಲು ಬಾಯಿ ಬರಲಿಲ್ಲ, ಹೇಳಿದ್ದರೂ ನಂಬುವಂತೆ ಇರಲಿಲ್ಲ. ಮಾರನೆಯ ದಿನದಿಂದ ಬಾಗಿಲಲ್ಲಿ ಬೇರೆ ಹುಡುಗ ನಿಂತ.

ಸರ್ ಇವತ್ತು ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಅವರಿಗೆ ನೆನಪಿಲ್ಲವಂತೆ. ನನಗಿದೆ ಸಾರ್!

ಆಮೇಲೆ ನನಗೆ ಅನ್ನ ಕೊಟ್ಟದ್ದು ಇದೇ ಕೆಲಸ, ಒಂದು ಬೋರ್ಡಿನಿಂದ ಇನ್ನೊಂದು ಬೋರ್ಡಿಗೆ ಇಳಿಸುವುದು. ವರ್ಚುವಲ್ ಮೆಷೀನ್ ಎಂದರೆ ಕಂಪ್ಯೂಟರಿನ ಒಳಗೆ ಬರೀ ಸಾಫ್ಟ್‌ವೇರಿನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್. ಒಳಗಿನದಕ್ಕೆ ತಾನು ಬಾಡಿಗೆಗಿದ್ದೇನೆ ಎಂದು ಗೊತ್ತಿರುವುದಿಲ್ಲ, ತನಗೂ ಪ್ರೊಸೆಸರ್ ಇದೆ, ಪರದೆ ಇದೆ ಎಂದೇ ನಂಬಿ ನಡೆಯುತ್ತದೆ. ಹೀಗೆ ನಂಬಿಸುವ ಕಾರ್ಯಕ್ರಮಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ನಾನು ಬಾಗಿಲಲ್ಲಿ ನಿಂತಿದ್ದ ಅದೇ 2003ರಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಎಂಬುವವರು ಕ್ಯೂಇಎಂಯು ಎಂಬ ಎಮ್ಯುಲೇಟರನ್ನು ಹೊರತಂದರು. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ಈ ಊರಲ್ಲಿ ಕೂತೂ ಓದಬಹುದು.

ಒಳಗಿನ ಯಂತ್ರ ಚಿತ್ರ ಬರೆಯುವುದು ನಿಜವಾದ ಪರದೆಯ ಮೇಲಲ್ಲ, ಮೆಮೊರಿಯ ಒಂದು ತುಂಡಿನ ಮೇಲೆ. ಅದು ಎ ವಿಭಾಗದ ಬೋರ್ಡು. ನಮ್ಮ ಕಣ್ಣಿಗೆ ಬೀಳುವ ಕಿಟಕಿ ಬಿ ವಿಭಾಗದ ಬೋರ್ಡು. ಅಡ್ಡಕ್ಕೆ 1024, ಉದ್ದಕ್ಕೆ 768 ಚುಕ್ಕಿಗಳ ಪರದೆ ಎಂದಿಟ್ಟುಕೊಳ್ಳಿ. ಒಂದು ಚುಕ್ಕಿಗೆ 4 ಬೈಟ್ ಆದರೆ ಒಂದು ಸಾಲಿಗೆ 4096 ಬೈಟ್, ಇಡೀ ಪರದೆಗೆ ಮೂವತ್ತೊಂದು ಲಕ್ಷಕ್ಕೂ ಹೆಚ್ಚು. ಸೆಕೆಂಡಿಗೆ ಮೂವತ್ತು ಸಲ ಇಷ್ಟನ್ನೂ ನಕಲು ಮಾಡುತ್ತಾ ಕೂತರೆ ಆ ಶ್ರಮ ಬಹುಪಾಲು ವ್ಯರ್ಥ. ಹೆಚ್ಚಿನ ಹೊತ್ತು ಪರದೆಯಲ್ಲಿ ಬದಲಾಗುವುದು ಎಲ್ಲೋ ನಾಲ್ಕು ಸಾಲು. ಅದಕ್ಕೇ ಒಂದು ಏರ್ಪಾಡು ಮಾಡಿಕೊಂಡಿದ್ದಾರೆ. ಮೆಮೊರಿಯನ್ನು 4096 ಬೈಟಿನ ಪುಟಗಳಾಗಿ ಭಾಗ ಮಾಡಿ, ಯಾವ ಪುಟಕ್ಕೆ ಬರೆದರೂ ಅದರ ಪಕ್ಕ ಒಂದು ಗುರುತು ಹಾಕುವುದು. ನಮ್ಮ ಲೆಕ್ಕದಲ್ಲಿ ಒಂದು ಸಾಲಿಗೆ ಒಂದು ಪುಟ, ಒಂದು ಪುಟಕ್ಕೆ ಒಂದು ಗುರುತು. ನಕಲು ಮಾಡುವವನು ಗುರುತು ಇರುವ ಸಾಲುಗಳನ್ನಷ್ಟೇ ಇಳಿಸಿಕೊಂಡು ಗುರುತು ಅಳಿಸುತ್ತಾನೆ. ಸರ್ ತಿದ್ದಿದ ಸಾಲಿನ ಮುಂದೆ ಸೀಮೆಸುಣ್ಣದಲ್ಲಿ ಒಂದು ಟಿಕ್ ಹಾಕಿದ ಹಾಗೆ.

ಕೇಳಲು ಸಲೀಸು. ಆದರೆ ಬರೆಯುವವನು ಒಬ್ಬ, ನಕಲು ಮಾಡುವವನು ಇನ್ನೊಬ್ಬ, ಇಬ್ಬರೂ ಒಂದೇ ಕಾಲಕ್ಕೆ ಕೆಲಸ ಮಾಡುತ್ತಾರೆ. ಇಂಥ ಒಬ್ಬೊಬ್ಬನನ್ನು ನಾವು ಥ್ರೆಡ್ ಎನ್ನುತ್ತೇವೆ, ಎಳೆ. ಎರಡು ಎಳೆ ಒಂದೇ ವಸ್ತುವನ್ನು ಮುಟ್ಟಿದರೆ ಏನಾಗುತ್ತದೆ ಎನ್ನುವುದು ಡೇರಿಗೆ ಹಾಲು ಹಾಕುವವರಿಗೆ ಚೆನ್ನಾಗಿ ಗೊತ್ತು. ಪುಸ್ತಕದಲ್ಲಿ 240 ಲೀಟರ್ ಇದೆ. ಇಬ್ಬರು ಬರೆಯುವವರು ಒಟ್ಟಿಗೆ ಬಗ್ಗಿ ಅದನ್ನು ಓದಿಕೊಂಡರು. ಒಬ್ಬ 6 ಸೇರಿಸಿ 246 ಎಂದು ಬರೆದ, ಇನ್ನೊಬ್ಬ 4 ಸೇರಿಸಿ ಅದರ ಮೇಲೆ 244 ಎಂದು ಬರೆದ. ಇರಬೇಕಾದದ್ದು 250. ಆರು ಲೀಟರ್ ಯಾರೂ ಕದಿಯದೆ ಹೋಯಿತು. ಯಾರು ಮೊದಲು, ಯಾರು ಆಮೇಲೆ ಎಂಬುದರ ಮೇಲೆ ಉತ್ತರ ಬದಲಾಗುವ ಈ ಸ್ಥಿತಿಗೆ ರೇಸ್ ಕಂಡಿಷನ್ ಎಂದು ಹೆಸರು. ಡೇರಿಯಲ್ಲಿ ಇದಕ್ಕೆ ಮದ್ದು, ಪೆನ್ನು ಒಬ್ಬರ ಕೈಗೆ ಮಾತ್ರ ಕೊಡುವುದು. ನಾವೂ ಹಾಗೇ ಬೀಗ ಹಾಕುತ್ತೇವೆ. ಆದರೆ ಪರದೆಗೆ ಬೀಗ ಹಾಕಿ ಕೂತರೆ, ನಕಲು ಮುಗಿಯುವ ತನಕ ಸರ್ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲಬೇಕು. ಪಾಠ ಸಾಗುವುದಿಲ್ಲ.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ.

2018. ನಾನಿದ್ದ ಕಂಪನಿಯಲ್ಲಿ, ಆಸ್ಪತ್ರೆಯ ಮಂಚದ ಪಕ್ಕ ಇಡುವ ಮಾನಿಟರಿನ ಸಾಫ್ಟ್‌ವೇರನ್ನು ನಮ್ಮದೇ ಒಂದು ಎಮ್ಯುಲೇಟರಿನೊಳಗೆ ಓಡಿಸಿ ಪರೀಕ್ಷಿಸುತ್ತಿದ್ದೆವು. ಎಮ್ಯುಲೇಟರಿನ ಪರದೆಯ ಭಾಗ ನನ್ನದು. ಪರೀಕ್ಷೆ ನಡೆಸುವ ತಂಡಕ್ಕೆ ರಾಯಚೂರು ಕಡೆಯ ಒಬ್ಬ ಹುಡುಗಿ ಹೊಸದಾಗಿ ಸೇರಿದ್ದಳು, ಆಕೆಯೂ ಸರ್ಕಾರಿ ಶಾಲೆಯಲ್ಲಿ ಓದಿದವಳೇ. ಒಂದು ದಿನ ಬಂದು, "ಸರ್, ಆಕ್ಸಿಜನ್ 98ರಿಂದ 88ಕ್ಕೆ ಇಳಿದಾಗ ಪರದೆಯಲ್ಲಿ 98 ಹಾಗೇ ನಿಂತಿತ್ತು" ಎಂದಳು. ಎಷ್ಟು ಸಲ ಎಂದೆ. "ಒಂದ್ಸಲ ಸರ್. ಆದ್ರೆ ನಾನೇ ನೋಡೀನಿ."

ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿದೆ, ಬರಲಿಲ್ಲ. ನೂರು ಸಲ ಓಡಿಸಿದೆ, ಬರಲಿಲ್ಲ. ಎಲ್ಲಿ ಏನಾಗುತ್ತಿದೆ ನೋಡೋಣವೆಂದು ಪ್ರತಿ ಹೆಜ್ಜೆಗೂ ದಾಖಲೆ ಬರೆಯುವ ಸಾಲುಗಳನ್ನು ಸೇರಿಸಿದೆ, ಆಗಂತೂ ಆಕೆಯ ಯಂತ್ರದಲ್ಲೂ ಬರಲಿಲ್ಲ. ಈ ರೋಗದ ಗುಣವೇ ಅದು. ನೋಡಲೆಂದು ನಿಂತರೆ, ನೋಡುವ ಕೆಲಸಕ್ಕೆ ಹಿಡಿಯುವ ಕ್ಷಣಾರ್ಧ ಹೊತ್ತೇ ಎರಡು ಎಳೆಗಳ ಹೆಜ್ಜೆಯನ್ನು ಬದಲಿಸಿ, ಡಿಕ್ಕಿ ತಪ್ಪಿಹೋಗುತ್ತದೆ. ಆಗ ನನಗದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನುಮಾನ ಬಂದಿತ್ತು. ಬಿಡುಗಡೆಯ ದಿನ ಹತ್ತಿರವಿತ್ತು. ನಕಲು ಮಾಡುವ ಮುಂಚೆ ಐದು ಮಿಲಿಸೆಕೆಂಡ್ ಸುಮ್ಮನಿರು ಎಂದು ಒಂದು ಸಾಲು ಸೇರಿಸಿ, ದೂರಿನ ಕೆಳಗೆ "ಪರೀಕ್ಷೆಯ ಸ್ಕ್ರಿಪ್ಟಿನ ದೋಷ" ಎಂದು ಬರೆದು ಮುಚ್ಚಿದೆ. ಅಷ್ಟಕ್ಕೇ ಬಿಡಲಿಲ್ಲ. ಆಕೆಯ ಕೆಲಸದ ಬಗ್ಗೆ ಅಭಿಪ್ರಾಯ ಕೇಳಿದಾಗ, "ಸೂಕ್ಷ್ಮವಾಗಿ ಗಮನಿಸುವುದನ್ನು ಕಲಿಯಬೇಕು" ಎಂದು ಬರೆದೆ.

ಆರು ವಾರದ ಮೇಲೆ ಆಕೆ ಎರಡು ಚಿತ್ರ ತಂದು ನನ್ನ ಮೇಜಿನ ಮೇಲಿಟ್ಟಳು. ಒಂದು ಒಳಗಿನ ಯಂತ್ರದ ಮೆಮೊರಿಯಿಂದ ನೇರವಾಗಿ ತೆಗೆದದ್ದು: 88. ಇನ್ನೊಂದು ಅದೇ ಹೊತ್ತಿನ ಪರದೆಯದು: 98. ಕ್ಯಾಲ್ಕುಲೇಟರಿನ ಗೆರೆ ಅಂಕಿಗಳನ್ನು ನೆನಪಿಸಿಕೊಳ್ಳಿ. ಒಂಬತ್ತಕ್ಕೂ ಎಂಟಕ್ಕೂ ಇರುವ ವ್ಯತ್ಯಾಸ ಕೆಳಗೆ ಎಡಗಡೆಯ ಒಂದೇ ಒಂದು ಗೆರೆ. ಆ ಗೆರೆಯ ಕೆಲವು ಸಾಲುಗಳು ನಕಲಾಗದೆ ಉಳಿದಿದ್ದವು. ಚಿತ್ರ ಹರಿದಂತೆ ಕಾಣಿಸಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರು. ಇಲ್ಲಿ ಲಕ್ಷಣವಾಗಿ 98 ಎಂದೇ ಕಾಣುತ್ತಿತ್ತು, ಆ ಸಾಲುಗಳಲ್ಲಿ ಮತ್ತೇನಾದರೂ ಬದಲಾಗುವವರೆಗೂ ಹಾಗೇ ಇರುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಆ ಆರು ವಾರದಲ್ಲಿ ತಂಡದವರೆಲ್ಲ, "ಪರದೆ ತಪ್ಪು ಬಂತಾ? ಎಮ್ಯುಲೇಟರಿನ ಕಾಟ ಅದು, ಇನ್ನೊಂದು ಸಲ ಓಡಿಸಿ" ಎನ್ನಲು ಕಲಿತಿದ್ದರು. ಮಾನಿಟರಿನ ಸಾಫ್ಟ್‌ವೇರಿನಲ್ಲೇ ನಿಜವಾಗಿ ತಪ್ಪಿದ್ದಿದ್ದರೆ ಅದನ್ನೂ ಹಾಗೇ ತಳ್ಳಿಬಿಡುತ್ತಿದ್ದೆವು.

ಆ ರಾತ್ರಿ ಕೂತು ಕ್ಯೂಇಎಂಯು ಹೇಗೆ ಮಾಡುತ್ತದೆ ಎಂದು ಓದಿದೆ. ಅಲ್ಲೂ ಇದೇ ದೋಷ ಇತ್ತು, ವರ್ಷಗಟ್ಟಲೆ ಇತ್ತು! ಸಾಲನ್ನು ಮೊದಲು ನಕಲು ಮಾಡಿ, ಗುರುತನ್ನು ಆಮೇಲೆ ಅಳಿಸುತ್ತಿದ್ದರು. ಅದರಿಂದ ತೊಂದರೆಯಾಗಿರಲಿಲ್ಲ, ಯಾಕೆಂದರೆ ಪ್ರೊಸೆಸರನ್ನು ಪೂರ್ತಿ ಸಾಫ್ಟ್‌ವೇರಿನಲ್ಲೇ ನಡೆಸುವಾಗ ಒಳಗಿನ ಯಂತ್ರವೂ ಪರದೆಯ ನಕಲೂ ಸರದಿಯ ಮೇಲೆ ನಡೆಯುತ್ತಿದ್ದವು, ಒಟ್ಟಿಗೆ ಅಲ್ಲ. 2017ರ 2.9ನೇ ಆವೃತ್ತಿಯಲ್ಲಿ ಅವು ಬೇರೆ ಬೇರೆ ಎಳೆಗಳಲ್ಲಿ ಒಟ್ಟಿಗೆ ಓಡುವ ಹಾಗಾಯಿತು, ಹಳೆಯ ತಪ್ಪು ಎದ್ದು ಕಂಡಿತು. ಅದೇ ವರ್ಷ ಗೆರ್ಡ್ ಹಾಫ್‌ಮನ್ ಎಂಬ ಎಂಜಿನಿಯರ್ ಅದನ್ನು ಸರಿಪಡಿಸಿದರು. ಪರದೆಗೆ ಬೀಗ ಹಾಕಲಿಲ್ಲ, ಹೆಜ್ಜೆಗಳ ಕ್ರಮ ತಿರುಗಿಸಿದರು.

ಬಾಗಿಲಲ್ಲಿ ನಿಂತ ಹುಡುಗನನ್ನೇ ತೆಗೆದುಕೊಳ್ಳಿ. ಮೂರನೇ ಸಾಲಿನ ಮುಂದೆ ಟಿಕ್ ಇದೆ. ಅವನು ಸಾಲನ್ನು ನಕಲು ಮಾಡಿಕೊಂಡ: ಪ್ಲಸ್ ಆರು. ಅಷ್ಟರಲ್ಲಿ ಸರ್ ಅದನ್ನು ಮೈನಸ್ ಮಾಡಿ ಮತ್ತೆ ಟಿಕ್ ಹಾಕಿದರು, ಇದ್ದ ಟಿಕ್ಕಿನ ಮೇಲೆಯೇ. ಹುಡುಗ ಬಂದು, ನನ್ನ ಕೆಲಸ ಮುಗಿಯಿತಲ್ಲ ಎಂದು ಟಿಕ್ ಅಳಿಸಿದ. ಮೈನಸ್ ಹೋಯಿತು, ಯಾವ ಸುಳಿವೂ ಇಲ್ಲದೆ ಹೋಯಿತು. ಈಗ ಕ್ರಮ ತಿರುಗಿಸಿ. ಟಿಕ್‌ಗಳನ್ನು ಮೊದಲು ಅಂಗೈ ಮೇಲೆ ಬರೆದುಕೊಂಡು, ಬೋರ್ಡಿನಲ್ಲಿ ಅಳಿಸಿಬಿಡಲಿ, ಆಮೇಲೆ ಸಾಲು ನೋಡಿ ಬರೆಯಲಿ. ನಡುವೆ ಸರ್ ತಿದ್ದಿದರೆ ಹೊಸ ಟಿಕ್ ಬೀಳುತ್ತದೆ, ಮುಂದಿನ ಸುತ್ತಿಗೆ ಸಿಗುತ್ತದೆ. ಹೆಚ್ಚೆಂದರೆ ಒಂದು ಸಾಲನ್ನು ಎರಡು ಸಲ ಬರೆಯಬೇಕಾಗಬಹುದು. ಟಿಕ್ ನೋಡುವುದು, ಅಳಿಸುವುದು ಎರಡೂ ಒಂದೇ ಏಟಿಗೆ ಆಗಬೇಕು, ನಡುವೆ ಸಂದು ಇರಬಾರದು. ಅದಕ್ಕೆ ಪ್ರೊಸೆಸರಿನಲ್ಲೇ ಪ್ರತ್ಯೇಕ ಆಜ್ಞೆಗಳಿವೆ.

ನಮ್ಮದರಲ್ಲೂ ಹಾಗೇ ತಿರುಗಿಸಿ, ನನ್ನ ಐದು ಮಿಲಿಸೆಕೆಂಡಿನ ಸಾಲನ್ನು ಕಿತ್ತುಹಾಕಿ, ಬೆಳಿಗ್ಗೆ ಆಕೆಯನ್ನು ಕರೆದು ತೋರಿಸಿದೆ. ಸ್ವಲ್ಪ ಜಂಬವೂ ಇತ್ತೆನ್ನಿ. ಆಕೆ ಎರಡು ನಿಮಿಷ ನೋಡಿ, "ಸರ್, ಆ ಕಡೆಯವ್ರು ಟಿಕ್ ಮೊದಲು ಹಾಕಿ ಆಮೇಲೆ ಬರೆದ್ರೆ?" ಎಂದಳು. ಎಮ್ಯುಲೇಟರಿನ ಇನ್ನೊಂದು ಭಾಗ ತೆರೆದು ನೋಡಿದರೆ, ಹೌದು, ನಮ್ಮಲ್ಲಿ ಗುರುತು ಮೊದಲು ಬೀಳುತ್ತಿತ್ತು, ಬರಹ ಆಮೇಲೆ. ಸರ್ ಟಿಕ್ ಹಾಕಿ ಸೀಮೆಸುಣ್ಣ ಎತ್ತುವಷ್ಟರಲ್ಲಿ ಹುಡುಗ ಟಿಕ್ ಅಳಿಸಿ ಹಳೆಯ ಸಾಲನ್ನೇ ಇಳಿಸಿಕೊಂಡು ಹೊರಟರೆ ಮತ್ತೆ ಅದೇ ಕಥೆ. ಬರೆಯುವವನು ಮೊದಲು ಬರೆದು ಆಮೇಲೆ ಗುರುತು ಹಾಕಬೇಕು. ನಕಲು ಮಾಡುವವನು ಮೊದಲು ಗುರುತು ತೆಗೆದು ಆಮೇಲೆ ಓದಬೇಕು. ಎರಡೂ ಕಡೆ ಸರಿಯಿದ್ದರೆ ಮಾತ್ರ ಉಳಿಗಾಲ. ನಾನು ಅರ್ಧ ಮಾತ್ರ ಕಂಡಿದ್ದೆ.

ಆ ದೂರಿನ ಕೆಳಗೆ "ತಪ್ಪು ನನ್ನದು" ಎಂದು ಸೇರಿಸಿದೆ. ಆಕೆಯ ಬಗ್ಗೆ ಬರೆದಿದ್ದ ಮಾತನ್ನು ಹಿಂತೆಗೆದುಕೊಂಡು ಮೇಲಿನವರಿಗೆ ಪತ್ರ ಕಳಿಸಿದೆ. ಅಷ್ಟು ಹೊತ್ತಿಗೆ ಆ ವರ್ಷದ ಇನ್‌ಕ್ರಿಮೆಂಟ್ ಪಟ್ಟಿ ಸಹಿಯಾಗಿ ಹೋಗಿತ್ತು. ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಆಕೆ ಬೇರೆ ಕಡೆ ಕೆಲಸಕ್ಕೆ ಹೋದಳು.

ಮಕ್ಕಳೇ, ಬೆಳಿಗ್ಗೆ ನಿಮ್ಮ ಕಂಪ್ಯೂಟರ್ ಕೋಣೆಗೆ ಹೋಗಿ ಒಂದು ಚಿಕ್ಕ ಕಾರ್ಯಕ್ರಮ ಹಾಕಿ ಬಂದಿದ್ದೇನೆ. ಎರಡು ಎಳೆ, ಒಂದೇ ಎಣಿಕೆ. ಒಂದೊಂದೂ ಹತ್ತು ಲಕ್ಷ ಸಲ ಒಂದನ್ನು ಕೂಡುತ್ತದೆ, ಬೀಗ ಇಲ್ಲ. ಕೊನೆಗೆ ಇಪ್ಪತ್ತು ಲಕ್ಷ ಬರಬೇಕು. ಊಟ ಮುಗಿಸಿ ಬನ್ನಿ, ಸಾಲಾಗಿ ಒಬ್ಬೊಬ್ಬರೇ ಓಡಿಸಿ, ಬಂದ ಉತ್ತರವನ್ನು ಬೋರ್ಡಿನ ಮೇಲೆ ಬರೆಯಿರಿ. ಪಕ್ಕದವರ ಉತ್ತರಕ್ಕೆ ಹೊಂದಲಿಲ್ಲವೆಂದು ಅಳಿಸಬೇಡಿ. ಸರ್ ಕೂಡ ಬರುತ್ತೇನೆ ಎಂದಿದ್ದಾರೆ.