‘ಬೇಡ’ ಎನ್ನಲು ಒಂದು ದಾರಿ

ಮದುವೆಮನೆಯಲ್ಲೋ ಬಸ್ಸಿನಲ್ಲೋ ಐದಾರು ವರ್ಷದ ಮಗುವನ್ನು ನೋಡಿ, ‘ಇವನಿಗಿನ್ನೂ ಮಾತು ಬಂದಿಲ್ವಾ?’ ಎಂದು ತಾಯಿಯನ್ನು ಕೇಳುತ್ತೇವೆ. ಮಗು ಅಲ್ಲೇ ಇರುತ್ತದೆ, ಕೇಳಿಸಿಕೊಳ್ಳುತ್ತಿರುತ್ತದೆ. ಮಾತಾಡದ ಮಗುವಿಗೆ ಮಾತು ತಿಳಿಯುವುದೂ ಇಲ್ಲ ಎಂದು ನಾವೇ ತೀರ್ಮಾನಿಸಿಬಿಟ್ಟಿರುತ್ತೇವೆ. ತಿಳಿಯುವುದು ಬೇರೆ, ಆಡುವುದು ಬೇರೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ನಾಲಿಗೆ, ತುಟಿ ಹಿಡಿತಕ್ಕೆ ಸಿಗದಿರಬಹುದು. ಆಟಿಸಂ ಇರುವ ಮಗು ಒಂದು ಪದವನ್ನೂ ಆಡದೆ ಮನೆಯವರ ಮಾತನ್ನೆಲ್ಲ ಗ್ರಹಿಸುತ್ತಿರಬಹುದು.

ಮಾತು ತಡವಾದರೆ ನಮ್ಮಲ್ಲಿ ಬಜೆ ತೇದು ನಾಲಿಗೆಗೆ ಹಚ್ಚುತ್ತಾರೆ, ಹರಕೆ ಹೊರುತ್ತಾರೆ. ‘ಅವರಪ್ಪನೂ ಮಾತಾಡಿದ್ದು ತಡವಾಗೇ’ ಎಂದು ಅಜ್ಜಿ ಧೈರ್ಯ ಹೇಳುತ್ತಾರೆ. ಅದೆಲ್ಲ ಪ್ರೀತಿಯೇ. ಆದರೆ ಆ ಧೈರ್ಯದಲ್ಲೇ ವರ್ಷ ಕಳೆಯಬಾರದು. ಮೊದಲು ಕಿವಿಯ ಪರೀಕ್ಷೆ ಆಗಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸಕ್ಕೆ ನಿಂತಿದೆ.

ಮಾತು ಬರುವವರೆಗೆ ಮಗು ಬೇಕಾದ್ದನ್ನು ಚಿತ್ರ ತೋರಿಸಿಯೂ ಕೇಳಬಹುದು. ಆದರೆ ಹಾಗೆ ಕಲಿಸಿದರೆ ಇರುವ ಅಷ್ಟಿಷ್ಟು ಮಾತೂ ನಿಂತೀತು ಎಂಬ ಭಯ ಎಷ್ಟೋ ತಂದೆತಾಯಿಗೆ ಇದೆ. ಅಧ್ಯಯನಗಳಲ್ಲಿ ಕಂಡದ್ದು ಹಾಗಲ್ಲ. ಚಿತ್ರಗಳು ಮಾತನ್ನು ತಡೆಯುವುದಿಲ್ಲ, ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದೆ ಕೂಡ. ದುಬಾರಿ ಟ್ಯಾಬ್ ಇಲ್ಲದಿದ್ದರೂ ನಡೆಯುತ್ತದೆ. ಮಗುವಿನದೇ ತಟ್ಟೆ, ಲೋಟ, ಚಪ್ಪಲಿಯ ಫೋಟೋ ತೆಗೆದು ರಟ್ಟಿಗೆ ಅಂಟಿಸಿದರೂ ಸಾಕು. ನಾವು ಮಾತಾಡುವಾಗಲೂ ಅದೇ ಚಿತ್ರ ಮುಟ್ಟಿ ಮಾತಾಡಬೇಕು. ಆಮೇಲೆ ಕಾಯಬೇಕು. ಪ್ರಶ್ನೆ ಕೇಳಿ ಮರುಕ್ಷಣವೇ ಉತ್ತರವನ್ನೂ ನಾವೇ ಹೇಳಿಬಿಡುತ್ತೇವಲ್ಲ, ಅಲ್ಲೇ ಮಗುವಿನ ಸರದಿ ತಪ್ಪಿಹೋಗುತ್ತದೆ.

ಸಾಮಾನ್ಯವಾಗಿ ಆ ರಟ್ಟಿನ ಮೇಲಿರುವುದು ನೀರು, ಬಿಸ್ಕತ್ತು, ಟಾಯ್ಲೆಟ್. ಎಲ್ಲವೂ ಬೇಡುವ ಮಾತುಗಳು. ನನಗೆ ಅವಕ್ಕಿಂತ ಮುಖ್ಯವೆನಿಸುವುದು ‘ಬೇಡ’, ‘ಸಾಕು’, ‘ನೋವು’. ತಲೆ ಚಚ್ಚಿಕೊಳ್ಳುವ, ಕೈ ಕಚ್ಚಿಕೊಳ್ಳುವ ಮಗುವಿಗೆ ಹಟಮಾರಿ ಎಂಬ ಹೆಸರು ಬೀಳುತ್ತದೆ. ಅದರ ಕಿವಿ ಸೋರುತ್ತಿರಬಹುದು, ಹಲ್ಲು ಹುಳುಕಾಗಿರಬಹುದು, ನಾಲ್ಕು ದಿನದಿಂದ ಮಲ ಕಟ್ಟಿರಬಹುದು. ಯಾರಾದರೂ ಮುಟ್ಟಬಾರದ ಹಾಗೆ ಮುಟ್ಟಿದರೆ ಅದನ್ನು ತಿಳಿಸಲೂ ಒಂದು ದಾರಿ ಬೇಡವೇ? ಮಗು ‘ಬೇಡ’ದ ಚಿತ್ರ ಮುಟ್ಟಿದಾಗ ಎತ್ತಿದ ತುತ್ತನ್ನು ನಾವು ಕೆಳಗಿಡಬೇಕು. ಇಡದೆ ಹೋದರೆ ಇನ್ನೊಮ್ಮೆ ಅದೇಕೆ ಮುಟ್ಟೀತು?

ಇಂಥ ಮಗುವಿನ ತಾಯಿಗೆ ಜ್ವರ ಬಂದರೂ ಮಲಗುವ ಹಾಗಿಲ್ಲ. ಅದರ ಸನ್ನೆಗಳು ಅವಳೊಬ್ಬಳಿಗೇ ಗೊತ್ತು. ಅದಕ್ಕೇ ಒಂದು ನೋಟ್‌ಬುಕ್ಕಿನಲ್ಲಿ ಅವನ್ನು ಬರೆದಿಡಬೇಕು: ಕಿವಿ ಮುಚ್ಚಿಕೊಂಡರೆ ಮಿಕ್ಸಿ ನಿಲ್ಲಿಸಿ. ಬಾಗಿಲ ಹತ್ತಿರ ಎಳೆದರೆ ಹೊರಗೆ ಹೋಗಬೇಕೆಂದಿದ್ದಾನೆ. ಮೊಸರನ್ನ ದೂಡಿದರೆ ಒತ್ತಾಯ ಬೇಡ. ಅಜ್ಜಿ, ಚಿಕ್ಕಪ್ಪ, ಶಾಲೆಯ ಆಯಾ, ವ್ಯಾನಿನ ಡ್ರೈವರ್, ಎಲ್ಲರೂ ಅದನ್ನು ಓದಿಕೊಳ್ಳಲಿ. ಮಗುವಿನ ಹೊಸ ಸನ್ನೆ ಕಂಡವರು ಕೆಳಗೆ ಬರೆದು ಸೇರಿಸಲಿ.