ವಾಕ್ಯದ ಹೊರಗೆ ನಿಂತ ವಿಭಕ್ತಿ

ನಾಮಪದವೊಂದು ವಾಕ್ಯದೊಳಗಿನ ಕ್ರಿಯಾಪದದೊಡನೆ ಅಥವಾ ಮತ್ತೊಂದು ನಾಮಪದದೊಡನೆ ಹೊಂದಿರುವ ನಂಟನ್ನು ತೋರಿಸುವ ಪ್ರತ್ಯಯಕ್ಕೆ ವಿಭಕ್ತಿ ಪ್ರತ್ಯಯವೆಂದು ಹೆಸರು. ಕೊಟ್ಟವರು ಯಾರು, ಕೊಟ್ಟದ್ದು ಏನನ್ನು, ಯಾರಿಗೆ, ಎಲ್ಲಿ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ದೊರೆಯುವುದು ಅದರಿಂದಲೇ. ಶಾಲೆಯ ವ್ಯಾಕರಣ ಪುಸ್ತಕಗಳಲ್ಲಿ ಪ್ರಥಮೆಯಿಂದ ಸಪ್ತಮಿಯವರೆಗಿನ ಏಳು ವಿಭಕ್ತಿಗಳ ಕೆಳಗೆ ಆ, ಇರಾ, ಏ ಎಂಬ ಪ್ರತ್ಯಯಗಳೊಡನೆ ಕಾಣಿಸಿಕೊಳ್ಳುವ ಸಂಬೋಧನೆ ಮಾತ್ರ ಇಂಥ ಯಾವ ಪ್ರಶ್ನೆಗೂ ಉತ್ತರವಲ್ಲ. ‘ರಾಮಾ, ಮಳೆ ಬರುತ್ತಿದೆ’ ಎಂದಾಗ ಬರುತ್ತಿರುವುದು ಮಳೆ. ರಾಮನು ಅಲ್ಲಿ ಕರ್ತೃವೂ ಅಲ್ಲ, ಕರ್ಮವೂ ಅಲ್ಲ, ಆ ಹೆಸರನ್ನು ತೆಗೆದುಹಾಕಿದರೂ ವಾಕ್ಯ ಕುಂದದೆ ಉಳಿಯುತ್ತದೆ. ಉಳಿದ ವಿಭಕ್ತಿಗಳು ಪದಕ್ಕೂ ಪದಕ್ಕೂ ಇರುವ ಸಂಬಂಧವನ್ನು ಹೇಳಿದರೆ, ಸಂಬೋಧನೆ ಆಡುವವರಿಗೂ ಕೇಳುವವರಿಗೂ ನಡುವಿನ ಸಂಬಂಧವನ್ನು ಹೇಳುತ್ತದೆ. ಭಾಷೆಗಳ ಚರಿತ್ರೆಯಲ್ಲಿ ಅದು ತನ್ನದೇ ಹಾದಿ ಹಿಡಿದು ನಡೆದಿರುವುದಕ್ಕೆ ಈ ವ್ಯತ್ಯಾಸವೇ ಕಾರಣ.

ಪಾಣಿನಿಯು ಇದನ್ನು ಸ್ಪಷ್ಟವಾಗಿ ಕಂಡಿದ್ದನು. ಅಷ್ಟಾಧ್ಯಾಯಿಯಲ್ಲಿ ಅವನು ಸಂಬೋಧನೆಗೆ ಬೇರೊಂದು ವಿಭಕ್ತಿಯನ್ನು ಕಲ್ಪಿಸದೆ, ಕರೆಯುವಾಗಲೂ ಪ್ರಥಮೆಯೇ ಬರುತ್ತದೆಂದು ವಿಧಿಸಿ, ಹಾಗೆ ಬಂದ ಪದಕ್ಕೆ ‘ಆಮಂತ್ರಿತ’ವೆಂದೂ ಅದರ ಏಕವಚನಕ್ಕೆ ‘ಸಂಬುದ್ಧಿ’ಯೆಂದೂ ಹೆಸರಿಟ್ಟನು. ಹರಿಃ ಎಂಬುದು ಹರೇ, ಗುರುಃ ಎಂಬುದು ಗುರೋ, ಸೀತಾ ಎಂಬುದು ಸೀತೇ ಆಗುವ ಬದಲಾವಣೆಗಳು ಏಕವಚನಕ್ಕಷ್ಟೇ ಸೀಮಿತ; ದ್ವಿವಚನ, ಬಹುವಚನಗಳಲ್ಲಿ ರೂಪ ಪ್ರಥಮೆಯದೇ. (ಕನ್ನಡದ ‘ಸೀತೆ’ ಸಂಸ್ಕೃತದ ಈ ಕರೆಯಿಂದ ಬಂದುದಲ್ಲ, ಮಾಲಾ ಎಂಬುದು ಮಾಲೆ ಆದಂತೆ ಆಕಾರಾಂತ ಪದ ಎಕಾರಾಂತವಾಗುವ ನಿಯಮದಿಂದ ಬಂದುದು.) ಕರೆಯ ನಿಜವಾದ ಗುರುತು ಇರುವುದು ದನಿಯಲ್ಲಿ. ವೇದದ ಭಾಷೆಯಲ್ಲಿ ಅಗ್ನಿಃ ಎಂಬ ಪದದ ಕೊನೆಯ ಸ್ವರ ಉದಾತ್ತ, ಅಂದರೆ ಎತ್ತಿ ಉಚ್ಚರಿಸುವಂಥದು. ವಾಕ್ಯದ ಮೊದಲಲ್ಲಿ ಅಗ್ನೇ ಎಂದು ಕರೆದೊಡನೆ ಆ ಏರು ಮೊದಲ ಸ್ವರಕ್ಕೆ ಜರುಗುತ್ತದೆ, ವಾಕ್ಯದ ನಡುವೆ ಕರೆದರೆ ಏರು ಇಲ್ಲವಾಗುತ್ತದೆ. ದೂರದಲ್ಲಿರುವವರನ್ನು ಕೂಗುವಾಗ ಕೊನೆಯ ಸ್ವರವು ಮೂರು ಮಾತ್ರೆಗಳಷ್ಟು ಹಿಗ್ಗುತ್ತದೆಂದೂ ಪಾಣಿನಿ ಹೇಳುತ್ತಾನೆ. ಪ್ಲುತವೆಂದು ಕರೆಯುವ ಈ ಸ್ವರವನ್ನು ಅರಿಯಲು ಶಾಸ್ತ್ರವನ್ನು ಓದಬೇಕಾಗಿಲ್ಲ, ಗದ್ದೆಯ ಆ ಬದಿಯಲ್ಲಿರುವ ಮಗನನ್ನು ತಾಯಿ ಕೂಗುವುದನ್ನು ಕೇಳಿದರೆ ಸಾಕು.

ಪಶ್ಚಿಮದಲ್ಲಿ ದಿಯೊನೀಸಿಯಸ್ ಥ್ರಾಕ್ಸ್‌ನ ಹೆಸರಿನಲ್ಲಿರುವ ಗ್ರೀಕ್ ವ್ಯಾಕರಣವು ಸಂಬೋಧನೆಯನ್ನು ಐದು ವಿಭಕ್ತಿಗಳಲ್ಲಿ ಒಂದಾಗಿ ಎಣಿಸಿತು. ಲ್ಯಾಟಿನ್‌ನಲ್ಲಿ ಅದಕ್ಕೆ ಪ್ರತ್ಯೇಕ ರೂಪವಿರುವುದು ಮುಖ್ಯವಾಗಿ ‘ಉಸ್’ ಎಂದು ಮುಗಿಯುವ ಪದಗಳ ಏಕವಚನದಲ್ಲಿ: ಮಾರ್ಕುಸ್‌ನನ್ನು ಕರೆಯುವಾಗ ಮಾರ್ಕೆ. ರೂಪ ಇಷ್ಟು ಕಡಿಮೆಯಾದರೂ ಅದರ ಬಲ ಕಡಿಮೆಯದಲ್ಲ. ರೋಮನ್ನರ ದೇವರಾಜನ ಹೆಸರಾದ ಜೂಪಿಟರ್, ವೇದದ ದ್ಯೌಷ್ಪಿತೃವಿಗೂ ಗ್ರೀಕರ ಜ್ಯೂಸ್‌ನಿಗೂ ಸಂಬಂಧಿಸಿದ ಪದವಾಗಿದ್ದು, ಮೂಲದಲ್ಲಿ ‘ಆಕಾಶವೇ, ತಂದೆಯೇ’ ಎಂಬ ಕರೆಯಾಗಿತ್ತು. ಪ್ರಾರ್ಥನೆಯಲ್ಲಿ ಕರೆದು ಕರೆದು, ಕರೆಯೇ ಪ್ರಥಮಾ ವಿಭಕ್ತಿಯ ಜಾಗಕ್ಕೆ ಬಂದು ಕೂತಿತು. ಸ್ಕಾಟ್‌ಲೆಂಡಿನ ಗೇಲಿಕ್‌ನಲ್ಲಿ ಶೇಮಸ್ ಎಂಬ ಹೆಸರಿನವನನ್ನು ಕರೆಯುವಾಗ ಮೊದಲ ವ್ಯಂಜನ ಹಕಾರಕ್ಕೆ ತಿರುಗಿ, ಕೊನೆಯ ಸಕಾರ ಮೃದುವಾಗಿ, ಹೇಮಿಶ್ ಎಂದು ಕೇಳಿಸುತ್ತದೆ. ಇಂಗ್ಲಿಷ್ ಮಾತನಾಡುವವರು ಈ ಕರೆಯನ್ನೇ ಹೆಸರೆಂದು ತಿಳಿದದ್ದರಿಂದ ಹೇಮಿಶ್ ಇಂದು ಸ್ವತಂತ್ರ ಅಂಕಿತನಾಮವಾಗಿದೆ.

ಸಂಬೋಧನೆಯ ಸ್ವಭಾವವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸಿಕೊಡುವುವು ಸ್ಲಾವ್ ಭಾಷೆಗಳು. ರಷ್ಯನ್ ಭಾಷೆಯು ಆರು ವಿಭಕ್ತಿಗಳನ್ನು ಭದ್ರವಾಗಿ ಉಳಿಸಿಕೊಂಡಿದ್ದರೂ ಹಳೆಯ ಸಂಬೋಧನೆಯನ್ನು ಕಳೆದುಕೊಂಡಿತು. ದೇವರನ್ನು ನೆನೆಯುವ ‘ಬೋಜೆ’, ‘ಗೋಸ್ಪೊದಿ’ಯಂಥ ಉದ್ಗಾರಗಳಲ್ಲಿ ಮಾತ್ರ ಅದರ ಪಳೆಯುಳಿಕೆ ಇದೆ. ಬಲ್ಗೇರಿಯನ್ ಇದಕ್ಕೆ ತದ್ವಿರುದ್ಧವಾಗಿ ನಾಮಪದಗಳ ಇತರ ವಿಭಕ್ತಿಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬಿಟ್ಟುಕೊಟ್ಟು ಸಂಬೋಧನೆಯನ್ನು ಉಳಿಸಿಕೊಂಡಿದೆ: ಇವಾನ್‌ನನ್ನು ಕರೆಯುವಾಗ ಇವಾನೆ. ಒಂದೇ ಕುಟುಂಬದ ಎರಡು ಭಾಷೆಗಳಲ್ಲಿ ಹೀಗಾಗಬೇಕಾದರೆ, ಸಂಬೋಧನೆಯ ಅಳಿವು ಉಳಿವು ಉಳಿದ ವಿಭಕ್ತಿಗಳ ಗತಿಯನ್ನು ಅವಲಂಬಿಸಿಲ್ಲವೆಂದೇ ತಿಳಿಯಬೇಕು. ಅದನ್ನು ನಿರ್ಧರಿಸುವುದು ಜನರ ನಡುವಿನ ಸಲಿಗೆ, ಗೌರವ, ದೂರಗಳು. ಬಲ್ಗೇರಿಯದಲ್ಲಿ ಎಲೆನಾ ಎಂಬಾಕೆಯನ್ನು ಎಲೆನೊ ಎಂದು ಕರೆಯುವುದು ಇಂದು ಒರಟೆನಿಸುವುದು ಇದರಿಂದಲೇ. ರಷ್ಯನ್ನರಾದರೂ ಕರೆಯ ರೂಪವಿಲ್ಲದೆ ಸುಮ್ಮನಿರಲಿಲ್ಲ. ಆಡುಮಾತಿನಲ್ಲಿ ಮಾಮಾ ಎಂಬುದನ್ನು ಮಾಮ್ ಎಂದು ಮೊಟಕುಗೊಳಿಸಿ, ಕೊನೆಯ ಸ್ವರವನ್ನು ಬಿಡುವುದರಿಂದಲೇ ಹೊಸದೊಂದು ಸಂಬೋಧನೆಯನ್ನು ಮಾಡಿಕೊಂಡಿದ್ದಾರೆ.

ಕನ್ನಡದ ದಾರಿ ಸ್ವರವನ್ನು ಬಿಡುವುದಲ್ಲ, ಎಳೆಯುವುದು. ಅಣ್ಣ ಅಣ್ಣಾ ಆಗುತ್ತಾನೆ, ತಂಗಿ ತಂಗೀ ಆಗುತ್ತಾಳೆ. ಹಳಗನ್ನಡದ ‘ಇರಾ’ ಎಂಬ ಬಹುವಚನದ ಕರೆ, ಅಂದರೆ ಮಕ್ಕಳಿರಾ, ಅರಸುಗಳಿರಾ ಎಂಬ ರೂಪ, ಹಿಂದೆ ಸರಿದು ‘ಏ’ಕಾರಕ್ಕೆ ಎಡೆಗೊಟ್ಟಿದೆ. ಈ ‘ಏ’ ಒತ್ತಿ ಹೇಳುವ ಅವಧಾರಣೆಯ ‘ಏ’ಯಂತೆಯೇ ಕೇಳಿಸುವುದರಿಂದ ‘ಗುರುಗಳೇ’ ಎಂಬ ಪದವೊಂದನ್ನೇ ಕೇಳಿದವರಿಗೆ ಅದು ಕರೆಯೋ, ಬೇರೆ ಯಾರೂ ಅಲ್ಲ ಗುರುಗಳೇ ಎಂಬ ಒತ್ತೋ ತಿಳಿಯದು. ‘ಗುರುಗಳೇ, ಬನ್ನಿ’, ‘ಗುರುಗಳೇ ಬಂದರು’ ಎಂದು ಕ್ರಿಯಾಪದ ಸೇರಿದಾಗಲೇ ಎರಡೂ ಬೇರೆಯಾಗುತ್ತವೆ. ಹನ್ನೆರಡನೆಯ ಶತಮಾನದ ವಚನಕಾರರು ಈ ವಿಭಕ್ತಿಗೆ ಕೊಟ್ಟ ಸ್ಥಾನವಂತೂ ಬೆರಗು ಹುಟ್ಟಿಸುವಂಥದು: ಕೂಡಲಸಂಗಮದೇವಾ, ಚೆನ್ನಮಲ್ಲಿಕಾರ್ಜುನಾ, ಗುಹೇಶ್ವರಾ ಎಂಬ ಅಂಕಿತಗಳು ವಚನದ ಕೊನೆಯಲ್ಲಿ ಬಹುಮಟ್ಟಿಗೆ ಕರೆಗಳಾಗಿಯೇ ಬರುವುದರಿಂದ, ಲೋಕಕ್ಕೆ ಹೇಳಿದಂತಿರುವ ಮಾತು ಕಟ್ಟಕಡೆಯ ಪದದಲ್ಲಿ ದೇವರೊಡನೆ ಆಡಿದ ಮಾತಾಗಿ ತಿರುಗುತ್ತದೆ.

ಆದರೆ ಇಂದಿನ ಆಡುಗನ್ನಡದಲ್ಲಿ ಸಂಬೋಧನೆಯ ಭಾರವನ್ನು ಹೆಚ್ಚಾಗಿ ಹೊತ್ತಿರುವುದು ನಾಮಪದವಲ್ಲ, ಕ್ರಿಯಾಪದ. ಬಾರೋ, ಬಾರೇ, ಬಾರಪ್ಪಾ, ಬಾರಮ್ಮಾ ಎಂಬ ರೂಪಗಳಲ್ಲಿ ಕೇಳುವವರು ಗಂಡೋ ಹೆಣ್ಣೋ, ಸಲಿಗೆಯವರೋ ಅಕ್ಕರೆಗೆ ಪಾತ್ರರೋ ಎಂಬುದೆಲ್ಲ ಕ್ರಿಯೆಯ ಬಾಲದಲ್ಲಿ ಅಡಗಿದೆ. ‘ಅವನು ಬಂದ ಕಣೋ’, ‘ಅವನು ಬಂದ ಕಣೇ’ ಎಂಬಲ್ಲಿ ಬಂದವನು ಒಬ್ಬನೇ, ಬದಲಾದದ್ದು ಕೇಳುವವರು ಮಾತ್ರ. ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ಗಡಿಯ ಬಾಸ್ಕ್ ಭಾಷೆ, ಕನ್ನಡಕ್ಕೆ ಯಾವ ನಂಟೂ ತೋರಿಬಂದಿರದ ಭಾಷೆ, ಇದನ್ನೇ ಮಾಡುತ್ತದೆ: ಬಂದನು ಎಂಬುದಕ್ಕೆ ‘ಎತೋರ್ರಿ ದಾ’ ಎನ್ನುವವರು ಸಲಿಗೆಯ ಗಂಡಸಿಗೆ ಹೇಳುವಾಗ ‘ಎತೋರ್ರಿ ದುಕ್’ ಎಂದೂ ಹೆಂಗಸಿಗೆ ಹೇಳುವಾಗ ‘ಎತೋರ್ರಿ ದುನ್’ ಎಂದೂ ಹೇಳುತ್ತಾರೆ. ಕನ್ನಡವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬನ್ನಿರಿ, ಕೇಳಿರಿ ಎಂಬ ಗೌರವದ ರೂಪಗಳ ಕೊನೆಯ ಅಕ್ಷರವೇ ಕ್ರಿಯಾಪದದಿಂದ ಕಳಚಿಕೊಂಡು ಬಂದಂತೆ ತೋರುವ ‘ರೀ’, ಇಂದು ಯಾವ ನಾಮಪದದ ಹಂಗೂ ಇಲ್ಲದೆ, ಬೀದಿಯಲ್ಲಿ ಅಪರಿಚಿತರನ್ನು ನಿಲ್ಲಿಸಲೂ, ಗಂಡನ ಹೆಸರು ಹೇಳದ ಹೆಂಡತಿ ಅವನನ್ನು ಒಳಗಿನಿಂದ ಕೂಗಲೂ ತಾನೊಂದೇ ಸಾಕಾಗುವ ಕರೆಯಾಗಿದೆ.