"ಆ ಏರಿಯಾ ಸೇಫ್ ಐತೇನ್ರಿ?"

ನಾನು ಧಾರವಾಡದವನು, ಹತ್ತು ವರ್ಷದಿಂದ ಪುಣೆಯಲ್ಲಿದ್ದೀನಿ. ಆಫೀಸು ಹಿಂಜವಡಿಯಲ್ಲಿ, ಕೆಲಸ ಡೇಟಾ ಇಂಜಿನಿಯರಿಂಗ್. ಮನೆ ಅಲ್ಲಿಂದ ಐದಾರು ಕಿಲೋಮೀಟರ್ ದೂರದ ಒಂದು ಹೊಸ ಬಡಾವಣೆಯಲ್ಲಿ. ಊರಿಂದ ಇಲ್ಲಿಗೆ ಕೆಲಸಕ್ಕೆ ಬರೋ ಹುಡುಗ-ಹುಡುಗಿಯರ ತಂದೆ-ತಾಯಿ ಫೋನ್ ಮಾಡಿದರೆ ಮೊದಲು ಬಾಡಿಗೆ ಎಷ್ಟು ಅಂತ ಕೇಳ್ತಾರೆ. ಆಮೇಲೆ, "ಆ ಏರಿಯಾ ಸೇಫ್ ಐತೇನ್ರಿ?" ಬಹಳ ದಿನ ನಾನು ಥಟ್ಟಂತ "ಐತ್ರಿ, ಏನೂ ಚಿಂತಿ ಇಲ್ಲ" ಅಂತಿದ್ದೆ. ಈಗ ಹಂಗೆ ಹೇಳೋಕೆ ಬಾಯಿ ಬರಲ್ಲ.

ಫ್ಲ್ಯಾಟ್ ತಗೊಳ್ಳುವಾಗ ಒಂದು ಎಕ್ಸೆಲ್ ಶೀಟ್ ಮಾಡಿದ್ದೆ. ನೀರು, ಟ್ಯಾಂಕರ್ ಖರ್ಚು, ಶಾಲೆ, ಟ್ರಾಫಿಕ್, ಕೊನೆಯ ಕಾಲಮ್ ಕ್ರೈಂ. ಉಳಿದದ್ದೆಲ್ಲ ತುಂಬಿತು, ಅದೊಂದು ತುಂಬಲಿಲ್ಲ. ನ್ಯಾಷನಲ್ ಕ್ರೈಂ ರೆಕಾರ್ಡ್ಸ್ ಬ್ಯೂರೋದ ವಾರ್ಷಿಕ ವರದಿಯಲ್ಲಿ ರಾಜ್ಯ, ಜಿಲ್ಲೆ, 20 ಲಕ್ಷಕ್ಕಿಂತ ಹೆಚ್ಚು ಜನ ಇರೋ ಮಹಾನಗರಗಳ ಅಂಕಿ ಸಿಗುತ್ತೆ. ಬಡಾವಣೆಯ ಲೆಕ್ಕ ಸಿಗಲ್ಲ. ಹಿಂದಿನ ವರ್ಷಗಳ ಜೊತೆ ಹೋಲಿಸೋಣ ಅಂದರೆ ನಮ್ಮ ಭಾಗಕ್ಕೆ ಪಿಂಪ್ರಿ-ಚಿಂಚವಡ ಪೊಲೀಸ್ ಕಮಿಷನರೇಟ್ ಶುರುವಾದದ್ದೇ 2018ರ ಆಗಸ್ಟ್ 15ಕ್ಕೆ. ಅದಕ್ಕೂ ಮೊದಲು ಒಂದಷ್ಟು ಠಾಣೆ ಪುಣೆ ನಗರದಲ್ಲಿ, ಇನ್ನೊಂದಷ್ಟು ಗ್ರಾಮಾಂತರದಲ್ಲಿ ಇದ್ದವು. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಟೇಬಲ್ಲೇ ಬದಲಾಗಿಬಿಟ್ಟಿದೆ.

ಕ್ರೈಂ ರೇಟ್ ಅಂದರೆ ಒಂದು ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣ ದಾಖಲಾದವು ಅನ್ನೋದು. ಭಾಗಿಸೋ ಸಂಖ್ಯೆಯನ್ನ ಮೊದಲು ನೋಡಿ. 2021ರ ಜನಗಣತಿ ಆ ವರ್ಷ ನಡೀಲೇ ಇಲ್ಲ, ಹಾಗಾಗಿ 2011ರ ಲೆಕ್ಕದ ಮೇಲೇ ಅಂದಾಜು ಮಾಡ್ತಾ ಬಂದಿದ್ದಾರೆ. 2011ರಲ್ಲಿ ನಮ್ಮ ಸೊಸೈಟಿ ಜಾಗದಲ್ಲಿ ಕಬ್ಬು ಇತ್ತಂತೆ! ಹಿಂಜವಡಿಯದ್ದು ಇನ್ನೂ ಮಜಾ. ದಾಖಲೆಯಲ್ಲಿ ಅದು ಗ್ರಾಮ ಪಂಚಾಯ್ತಿ, ಹಗಲಲ್ಲಿ ಲಕ್ಷಗಟ್ಟಲೆ ಜನ ಕೆಲಸ ಮಾಡೋ ಐಟಿ ಪಾರ್ಕು. ಅಲ್ಲಿ ದುಡಿಯೋ ನಾವು ಆ ಊರಿನ ಜನಸಂಖ್ಯೆಯಲ್ಲಿ ಇಲ್ಲ, ನಮ್ಮ ಬೈಕ್ ಅಲ್ಲಿ ಕಳುವಾದರೆ ಕಳ್ಳತನ ಮಾತ್ರ ಅಲ್ಲಿಯ ಲೆಕ್ಕಕ್ಕೆ.

ಇನ್ನೊಂದು ಸಂಖ್ಯೆ, ಪ್ರಕರಣಗಳದ್ದು. ಅದರಲ್ಲಿ ಬರೋದು ನಡೆದ ಅಪರಾಧ ಅಲ್ಲ, ದಾಖಲಾದ ಅಪರಾಧ. ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ದರೂ ಎಲ್ಲಕ್ಕಿಂತ ಗಂಭೀರವಾದದ್ದು ಒಂದೇ ಎಣಿಕೆಗೆ. ಅಂಕಿ ಏರಿತು ಅಂದರೆ ಅಪರಾಧ ಏರಿತು ಅಂತಲೇ ಅರ್ಥ ಅಲ್ಲ, ದೂರು ತಗೊಳ್ಳೋದು ಸುಧಾರಿಸಿರಬಹುದು ಅಂತ ಬ್ಯೂರೋದವರೇ ವರದಿಯಲ್ಲಿ ಬರೀತಾರೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದು ಕೇಳಿ.

ಎರಡು ವರ್ಷದ ಹಿಂದೆ, ರಾತ್ರಿ ಎಂಟೂವರೆ. ಸೊಸೈಟಿ ಗೇಟಿಂದ ಮುಖ್ಯರಸ್ತೆಗೆ ಹೋಗೋ ದಾರಿಯಲ್ಲಿ ಮುನ್ನೂರು ಮೀಟರ್ ತುಂಡು ಇದೆ. ಒಂದು ಕಡೆ ಅರ್ಧಕ್ಕೆ ನಿಂತ ಕಟ್ಟಡ, ಇನ್ನೊಂದು ಕಡೆ ತಗಡಿನ ಬೇಲಿ, ದೀಪ ಇಲ್ಲ. ಫೋನಲ್ಲಿ ಮಾತಾಡ್ತಾ ಹೋಗ್ತಿದ್ದೆ. ಹಿಂದಿನಿಂದ ಬೈಕಲ್ಲಿ ಬಂದ ಇಬ್ಬರು ಕೈಯಿಂದ ಫೋನ್ ಕಿತ್ಕೊಂಡು ಹೋದರು. ಮರುದಿನ ರಿಲೀಸ್ ಇತ್ತು. ನನಗೆ ಬೇಕಾಗಿದ್ದು ಹೊಸ ಸಿಮ್ಮಿಗೆ ಒಂದು ಕಾಗದ, ಅಷ್ಟೇ. ಪೊಲೀಸರ ವೆಬ್‌ಸೈಟಿನಲ್ಲಿ ಕಳೆದುಹೋದ ವಸ್ತುಗಳ ಫಾರ್ಮ್ ತೆಗೆದು "ಫೋನ್ ಎಲ್ಲೋ ಬಿದ್ದುಹೋಗಿದೆ" ಅಂತ ತುಂಬಿದೆ. ಐದು ನಿಮಿಷದ ಕೆಲಸ. ಅದು ಎಫ್‌ಐಆರ್ ಅಲ್ಲ, ಆ ಕಿತ್ತಾಟ ಯಾವ ಲೆಕ್ಕದಲ್ಲೂ ಬರಲ್ಲ. ಡೇಟಾ ಸರಿ ಇಲ್ಲ ಅಂತ ಆಫೀಸಲ್ಲಿ ದಿನಾ ಒದ್ದಾಡೋನು ನಾನು.

ನಾಲ್ಕು ತಿಂಗಳಾದ ಮೇಲೆ ಅವ್ವ ಊರಿಂದ ಬಂದಿದ್ದಳು. ಸಂಜೆ ತರಕಾರಿ ತರೋಕೆ ಹೋದಾಗ, ಅದೇ ತುಂಡಿನಲ್ಲಿ ಕೊರಳಿನ ಬೋರಮಾಳ ಸರ ಹರಿದರು. ಎಳೆದ ರಭಸಕ್ಕೆ ಬಿದ್ದು ಬಲಗೈ ಮಣಿಕಟ್ಟು ಮುರೀತು. ಆಸ್ಪತ್ರೆಯಲ್ಲಿ ಅವ್ವ ಅಂದದ್ದು, "ಹೋದದ್ದು ಹೋತು, ಸ್ಟೇಷನ್ನಿಗೆ ಅಡ್ಡಾಡಬ್ಯಾಡ." ಸೊಸೈಟಿಯ ಹಿರಿಯರೊಬ್ಬರು ಮೆಲ್ಲಗೆ, "ಪೇಪರಲ್ಲಿ ಬಂದರೆ ಫ್ಲ್ಯಾಟ್ ರೇಟ್ ಬೀಳುತ್ತೆ, ವಿಚಾರ ಮಾಡಿ" ಅಂದರು. ಈ ಸಲ ನಾನು ಹೋದೆ.

ದೂರು ಬರ್ಕೊಂಡ ಅಧಿಕಾರಿ ಸಮಾಧಾನದ ಮನುಷ್ಯ. "ಆ ರಸ್ತೆಯಲ್ಲಿ ಮೊದಲು ಏನಾದರೂ ಆಗಿತ್ತಾ? ನಮ್ಮಲ್ಲಿ ಒಂದೂ ಇಲ್ಲವಲ್ಲ" ಅಂತ ಮರಾಠಿಯಲ್ಲಿ ಕೇಳಿದರು. ಗಸ್ತು ಬೈಕ್ ಯಾವ ರಸ್ತೆಗೆ ಹೋಗಬೇಕು ಅಂತ ತೀರ್ಮಾನ ಆಗೋದೂ ದಾಖಲಾದ ಘಟನೆ ನೋಡಿಯೇ. ನಾನು ಸುಮ್ಮನೆ ಕೂತಿದ್ದೆ. ಆಮೇಲೆ ನನ್ನ ಫೋನಿನ ಕಥೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪರರಾಜ್ಯದಲ್ಲಿ ಇರೋ ನಮಗೆ ಠಾಣೆ ಅಂದರೆ ಭಾಷೆಯ ಅಳುಕು ಬೇರೆ. ಹಾಗಾಗಿ ಸ್ವಲ್ಪ ಕಾನೂನು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೀಗೆ ಕಿತ್ಕೊಂಡು ಹೋಗೋದಕ್ಕೆ 304 ಅಂತ ಪ್ರತ್ಯೇಕ ಕಲಮೇ ಇದೆ, ಮೂರು ವರ್ಷದವರೆಗೆ ಜೈಲು ಮತ್ತು ದಂಡ. ಇಂಥ ಅಪರಾಧದ ಮಾಹಿತಿ ಕೊಟ್ಟರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. "ನಮ್ಮ ಹದ್ದಿಗೆ ಬರಲ್ಲ" ಅನ್ನೋ ಹಾಗಿಲ್ಲ. ಯಾವ ಠಾಣೆಯಲ್ಲಾದರೂ ಕೊಡಬಹುದು, ಅದಕ್ಕೇ ಜೀರೋ ಎಫ್‌ಐಆರ್ ಅನ್ನೋದು. ದೂರನ್ನ ಆನ್‌ಲೈನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಪ್ರತಿ ಪುಕ್ಕಟೆ, ಕೇಳಿ ಇಸ್ಕೊಳ್ಳಿ. ಅಂದಹಾಗೆ, ತನಿಖೆಯಲ್ಲಿ ಸಾಕ್ಷಿಯಾಗಿ ಹೇಳಿಕೆ ಕೊಡೋಕೆ ಹೆಂಗಸರನ್ನ ಠಾಣೆಗೆ ಬರಲೇಬೇಕು ಅಂತ ಒತ್ತಾಯಿಸೋ ಹಾಗಿಲ್ಲ. ಅವ್ವನ ಹೇಳಿಕೆ ನಮ್ಮ ಹಾಲ್‌ನಲ್ಲೇ ಆಯ್ತು. ಅವಳು ಧಾರವಾಡ ಕನ್ನಡದಲ್ಲಿ ಹೇಳಿದಳು, ನಾನು ಮರಾಠಿ ಮಾಡಿದೆ, ಹವಾಲ್ದಾರರು ಬರ್ಕೊಂಡರು.

ಸರ ಸಿಕ್ಕಿಲ್ಲ. ನಾನು ದೂರು ಕೊಟ್ಟದ್ದು ಗೊತ್ತಾದ ಮೇಲೆ ನಮ್ಮ ಕಟ್ಟಡದ ಇನ್ನಿಬ್ಬರು ಬಾಯಿಬಿಟ್ಟರು, ಅವರಿಗೂ ಅಲ್ಲೇ ಆಗಿತ್ತು. ಒಬ್ಬರು ಹೋಗಿ ದೂರು ಕೊಟ್ಟು ಬಂದರು, ಇನ್ನೊಬ್ಬರು ಇವತ್ತಿಗೂ ಕೊಟ್ಟಿಲ್ಲ. ಈಗ ಸಂಜೆ ಹೊತ್ತು ಒಂದು ಗಸ್ತು ಬೈಕ್ ಆ ಕಡೆ ಬಂದು ಹೋಗುತ್ತೆ. ದೀಪ ಇನ್ನೂ ಬಂದಿಲ್ಲ, ಅರ್ಜಿ ಓಡಾಡ್ತಿದೆ.

ಈಗ ಯಾರಾದರೂ ಫೋನ್ ಮಾಡಿ "ಸೇಫ್ ಐತೇನ್ರಿ?" ಅಂದರೆ ಆ ಮುನ್ನೂರು ಮೀಟರಿನ ವಿಷಯ ಮೊದಲು ಹೇಳ್ತೀನಿ, ಬಾಡಿಗೆ ಆಮೇಲೆ. ಅವ್ವ ದೀಪಾವಳಿಗೆ ಬರ್ತೀನಿ ಅಂದಿದ್ದಾಳೆ. ತರಕಾರಿಗೆ ತಾನೇ ಹೋಗ್ತಾಳಂತೆ.